ಮಾಲ್ಗುಡಿಯ ಚಕ್ಕುಬಂದಿ

(ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ.)

ಪರಿಚಯ ಮಾಡಿಕೊಟ್ಟವರು ನನ್ನನ್ನು ಸಾಹಿತಿ ಎಂದರು. ಮೊದಲು ಅದಕ್ಕೊಂದು ತಿದ್ದುಪಡಿ. ನಾನು ಹೊಟ್ಟೆಪಾಡಿಗೆ ಭೂಮಾಪನ ಮಾಡಿದವನು, ಓದುವುದು ನನ್ನ ಚಟ. ಬೆಳಗ್ಗೆ ಹೊಲದಲ್ಲಿ ಚೈನು ಎಳೆಸಿ, ರಾತ್ರಿ ಪ್ರವಾಸಿ ಮಂದಿರದ ಮಂಕು ದೀಪದಲ್ಲಿ ಕಾದಂಬರಿ ಓದಿದವನು. ಹೀಗಾಗಿ ಎರಡೂ ಕೆಲಸಗಳು ತಲೆಯಲ್ಲಿ ಕಲಸಿಹೋದವು. ಕಥೆಯಲ್ಲಿ ಯಾರಾದರೂ ಮನೆಯಿಂದ ಹೊರಟರೆ, ಎಷ್ಟು ದೂರ, ಯಾವ ದಿಕ್ಕು, ಬಲಗಡೆ ಏನಿದೆ ಎಂದು ಮನಸ್ಸು ಕೇಳುತ್ತದೆ. ಇದು ರೋಗವೇ ಸರಿ. ಇಂದು ಅದನ್ನು ನಿಮಗೂ ಸ್ವಲ್ಪ ಅಂಟಿಸಿ ಹೋಗೋಣವೆಂದು ಬಂದಿದ್ದೇನೆ.

ನಮ್ಮ ಕಡೆಯ ಹಳೆಯ ಚೈನು 33 ಅಡಿಯದು. ಆ ಅಳತೆಯಲ್ಲಿ ಒಂದು ಚೈನು ಉದ್ದ, ಒಂದು ಚೈನು ಅಗಲದ ನೆಲವೆಂದರೆ ಒಂದು ಗುಂಟೆ. ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಕ್ರಯಪತ್ರದಲ್ಲಿ ಜಮೀನನ್ನು ಗುರುತಿಸುವುದು ಅಂಕಿಯಿಂದಲ್ಲ, ಚಕ್ಕುಬಂದಿಯಿಂದ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿದಾರಿ, ದಕ್ಷಿಣಕ್ಕೆ ಹುಣಸೆಮರ. ಐವತ್ತು ವರ್ಷ ಕಳೆದ ಮೇಲೆ ಆ ಪತ್ರ ಹಿಡಿದು ಹೋದರೆ ಹಳ್ಳ ಸರಿದಿರುತ್ತದೆ, ಗಾಡಿದಾರಿ ಡಾಂಬರು ರಸ್ತೆಯಾಗಿರುತ್ತದೆ, ಹುಣಸೆಮರದ ಜಾಗದಲ್ಲಿ ಚಹಾದಂಗಡಿ ಇರುತ್ತದೆ. ಪತ್ರದಲ್ಲಿ ಸುಳ್ಳಿಲ್ಲ. ಅದನ್ನು ಓದಲು ಬರೆದ ತಾರೀಕು ಬೇಕು, ಅಷ್ಟೆ. ಕಟ್ಟುಕಥೆಯ ಊರಿಗೂ ನಕ್ಷೆ ಬರೆಯಬಹುದು, ಆದರೆ ಅದರ ಮೂಲೆಯಲ್ಲಿ ಇಸವಿ ಹಾಕದಿದ್ದರೆ ಅದು ನಕ್ಷೆಯಲ್ಲ, ಅಲಂಕಾರ. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಪುರಾವೆ.

ಮೊದಲು ಒಂದು ದ್ವೀಪಕ್ಕೆ ಹೋಗಿ ಬರೋಣ. 1881ರ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರು. ಅಲ್ಲಿಯ ಬೇಸಿಗೆ ಎಂದರೆ ಮಳೆ. ಮನೆಯೊಳಗೆ ಕೂತು ಬೇಸರಗೊಂಡ ಹುಡುಗನೊಬ್ಬ ಬಣ್ಣ ಬಳಿಯುತ್ತಿದ್ದ. ಅವನ ಮಲತಂದೆ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವನ ಜೊತೆ ಕೂತು ಒಂದು ದ್ವೀಪದ ನಕ್ಷೆ ಬರೆದರು. ಬಂದರು, ಬೆಟ್ಟ, ಹೆಸರು ಎಲ್ಲ ಬಂದವು. ನಕ್ಷೆಯನ್ನು ನೋಡುತ್ತ ನೋಡುತ್ತ ಕಾಡಿನ ನಡುವಿನಿಂದ ಪಾತ್ರಗಳು ಇಣುಕಿದವು, ಕಥೆ ಹುಟ್ಟಿತು. ನಿಧಿ ದ್ವೀಪದ ಆ ಕಾದಂಬರಿ ಮೊದಲು ಧಾರಾವಾಹಿಯಾಗಿ ಬಂದು, 1883ರಲ್ಲಿ ಪುಸ್ತಕವಾಯಿತು.

ಇಷ್ಟನ್ನು ಅನೇಕರು ಕೇಳಿರುತ್ತೀರಿ. ನನಗೆ ರುಚಿಸುವುದು ಅದರ ಮುಂದಿನ ಭಾಗ. ಪುಸ್ತಕಕ್ಕೆಂದು ಪ್ರಕಾಶಕರಿಗೆ ಕಳಿಸಿದ್ದ ನಕ್ಷೆ ಕಳೆದೇಹೋಯಿತು. ಕರಡಚ್ಚು ಬಂತು, ನಕ್ಷೆ ಬರಲಿಲ್ಲ. ಸ್ಟೀವನ್‌ಸನ್ ತಮ್ಮದೇ ಕಾದಂಬರಿಯನ್ನು ಪರರ ದಸ್ತಾವೇಜಿನಂತೆ ಮುಂದಿಟ್ಟುಕೊಂಡು, ಅದರಲ್ಲಿ ಬರುವ ದಿಕ್ಕು, ದೂರಗಳನ್ನೆಲ್ಲ ಪಟ್ಟಿ ಮಾಡಿ, ಕೈವಾರ ಹಿಡಿದು, ಆ ವಿವರಗಳಿಗೆ ಹೊಂದುವಂತೆ ಇನ್ನೊಂದು ನಕ್ಷೆ ತಯಾರಿಸಬೇಕಾಯಿತು. ಅದನ್ನು ಬರೆದದ್ದು ಅವರ ತಂದೆಯ ಕಚೇರಿಯಲ್ಲಿ. ತಂದೆ ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರು. ಆ ಹಿರಿಯರು ಕಡಲ್ಗಳ್ಳನ ಸಹಿಯನ್ನು ತಮ್ಮ ಕೈಯಿಂದಲೇ ನಕಲು ಮಾಡಿ ಹಾಕಿದರಂತೆ. ತಿಮಿಂಗಿಲಗಳೂ ಹಡಗುಗಳೂ ಬಂದು ನಕ್ಷೆ ಚೆಂದವಾಯಿತು. ಆದರೂ ಅದು ತನ್ನ ದ್ವೀಪ ಎಂದು ಸ್ಟೀವನ್‌ಸನ್ನರಿಗೆ ಎಂದೂ ಅನ್ನಿಸಲಿಲ್ಲ.

ಏಕೆ ಅನ್ನಿಸಲಿಲ್ಲ? ಮೊದಲ ನಕ್ಷೆಯಿಂದ ಕಥೆ ಹೊರಟಿತ್ತು, ಎರಡನೆಯದು ಕಥೆಯಿಂದ ಹೊರಟಿತು. ಒಂದು ಬೀಜ, ಇನ್ನೊಂದು ಪಂಚನಾಮೆ. ನಾವು ಓದುಗರು ಮಾಡಬಲ್ಲದ್ದು ಪಂಚನಾಮೆಯನ್ನು ಮಾತ್ರ. ಅದನ್ನಾದರೂ ಪ್ರಾಮಾಣಿಕವಾಗಿ ಮಾಡೋಣ.

ಈ ಬಗೆಯ ಕೆಲಸದಲ್ಲಿ ನಾನು ಕೈಮುಗಿಯುವುದು ಕರೆನ್ ವಿನ್ ಫಾನ್‌ಸ್ಟಡ್ ಎಂಬ ಅಮೆರಿಕದ ನಕ್ಷಾಕಾರ್ತಿಗೆ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ನರು ಕಲ್ಪಿಸಿದ ಮಧ್ಯಭೂಮಿ ಎಂಬ ಲೋಕಕ್ಕೆ ಆಕೆ 1981ರಲ್ಲಿ ಒಂದು ಪೂರ್ತಿ ಅಟ್ಲಾಸನ್ನೇ ತಂದರು. ದೇಶಗಳ ನಕ್ಷೆ ಮಾತ್ರವಲ್ಲ, ಯುದ್ಧಭೂಮಿಗಳು, ಕೋಟೆಗಳ ಒಳವಿನ್ಯಾಸ, ಪ್ರಯಾಣಿಕರು ಯಾವ ದಿನ ಎಲ್ಲಿ ತಂಗಿದರೆಂಬ ಗುರುತು, ಎಲ್ಲವೂ ಅದರಲ್ಲಿವೆ. ಜೊತೆಗೆ ಅದು ಯುಗ ಯುಗಕ್ಕೆ ಬೇರೆ ಬೇರೆ ನಕ್ಷೆ ಕೊಡುತ್ತದೆ. ಕೊಡದೆ ವಿಧಿಯಿಲ್ಲ. ಟೋಲ್ಕಿನ್ನರ ಲೋಕ ಮೊದಲು ಚಪ್ಪಟೆಯಾಗಿದ್ದು, ಒಂದು ದ್ವೀಪರಾಜ್ಯ ಮುಳುಗುವಾಗ ಗುಂಡಗಾಗುತ್ತದೆ! ಭೂಮಿಯ ಆಕಾರವೇ ಬದಲಾಗುವಾಗ ಒಂದೇ ಹಾಳೆಯಲ್ಲಿ ನಕ್ಷೆ ಬರೆಯುತ್ತೇನೆನ್ನುವ ಸರ್ವೆಯವನನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ.

ಟೋಲ್ಕಿನ್ ತಾವೂ ಇಂಥ ಲೆಕ್ಕದಲ್ಲಿ ಎಡವಿದವರೇ. 1944ರಲ್ಲಿ ಬರೆಯುತ್ತಿದ್ದಾಗ, ಬೇರೆ ಬೇರೆ ದಾರಿ ಹಿಡಿದ ತಮ್ಮ ಪಾತ್ರಗಳ ಮೇಲೆ ಚಂದ್ರ ಅಸಾಧ್ಯವಾಗಿ ವರ್ತಿಸುತ್ತಿದ್ದಾನೆಂದು ಅವರಿಗೆ ಗೊತ್ತಾಯಿತು. ಒಂದು ಕಡೆ ಹುಟ್ಟುವ ಹೊತ್ತಿಗೆ ಇನ್ನೊಂದು ಕಡೆ ಮುಳುಗುತ್ತಿದ್ದ. ಹಿಂದಿನ ಅಧ್ಯಾಯಗಳನ್ನು ತಿದ್ದಲು ಒಂದು ಮಧ್ಯಾಹ್ನವೇ ಹೋಯಿತೆಂದು ಮಗ ಕ್ರಿಸ್ಟಫರನಿಗೆ ಪತ್ರ ಬರೆದರು. ಚಂದ್ರನನ್ನು ತಿದ್ದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅಮೆರಿಕದ ಕಾದಂಬರಿಕಾರ ಫಾಕ್ನರ್ ತಮ್ಮ ಕಲ್ಪಿತ ಜಿಲ್ಲೆಗೆ 1936ರಲ್ಲಿ ನಕ್ಷೆ ಕೊಟ್ಟರು, ವಿಸ್ತೀರ್ಣ 2,400 ಚದರ ಮೈಲಿ ಎಂದರು, ಬಿಳಿಯರು 6,298, ಕರಿಯರು 9,313 ಎಂದು ಜನಗಣತಿಯನ್ನೂ ಬರೆದರು, ಕೆಳಗೆ ಇದರ ಏಕಮಾತ್ರ ಒಡೆಯ ತಾವೇ ಎಂದು ಷರಾ ಹಾಕಿದರು. ಪಹಣಿಯ ಒಂಬತ್ತನೇ ಕಾಲಂ ತುಂಬಿದ ಹಾಗೆ.

ಈಗ ನಮ್ಮ ಹತ್ತಿರದ ಊರಿಗೆ ಬರುತ್ತೇನೆ. ಆರ್.ಕೆ. ನಾರಾಯಣ್ ತಮ್ಮ ಇಂಗ್ಲಿಷ್ ಕಥೆ, ಕಾದಂಬರಿಗಳಿಗೆಂದು ಕಲ್ಪಿಸಿದ ಊರು, ಮಾಲ್ಗುಡಿ.

ಮಾಲ್ಗುಡಿ ಎಲ್ಲಿದೆ ಎಂದು ಕೇಳಿದರೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ಬೆಂಗಳೂರಿನವರು ಮಲ್ಲೇಶ್ವರದ ತಲೆಗೆ ಬಸವನಗುಡಿಯ ಬಾಲ ಅಂಟಿಸಿ ತೋರಿಸುತ್ತಾರೆ. ತಿರುಚ್ಚಿ ಕಡೆಯವರು ಲಾಲ್ಗುಡಿಯತ್ತ ಬೆರಳು ಮಾಡುತ್ತಾರೆ. ಶಿವಮೊಗ್ಗ ಜಿಲ್ಲೆಯವರಂತೂ ಮಾತೇ ಆಡುವುದಿಲ್ಲ, ಆಗುಂಬೆಗೆ ಕರೆದುಕೊಂಡು ಹೋಗಿ ದೊಡ್ಡಮನೆಯ ಜಗಲಿಯ ಮೇಲೆ ಕೂರಿಸುತ್ತಾರೆ. ಶಂಕರ್ ನಾಗ್ 1986ರಲ್ಲಿ ದೂರದರ್ಶನಕ್ಕೆ ತಂದ ಧಾರಾವಾಹಿಯನ್ನು ನೋಡಿ ಬೆಳೆದವರಿಗೆ ಬೇರೆ ಮಾಲ್ಗುಡಿ ಕಾಣುವುದೇ ಇಲ್ಲ. ಅದೇ ಧಾರಾವಾಹಿಯಲ್ಲಿ ಕಂಡ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಿಂದ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ಇಲ್ಲದ ಊರಿನ ಹೆಸರಿನಲ್ಲಿ ರೈಲು ಕೂಡ ಓಡಿದೆ, ಮಾಲ್ಗುಡಿ ಎಕ್ಸ್‌ಪ್ರೆಸ್. ನಕ್ಷೆಯಲ್ಲಿ ಇಲ್ಲದ ಊರಿಗೆ ರೈಲ್ವೆ ಇಲಾಖೆಯ ಮಾನ್ಯತೆ ಸಿಕ್ಕಿರುವಾಗ ನನ್ನಂಥವನು ಅದನ್ನು ಅಳೆಯದೆ ಬಿಡುವುದು ಹೇಗೆ?

ಆರ್.ಕೆ. ನಾರಾಯಣ್ ಮಾತ್ರ ಈ ಪ್ರಶ್ನೆಗೆ ಕೈಗೆ ಸಿಗಲಿಲ್ಲ. 1982ರ ಕಥಾಸಂಕಲನದ ಮುನ್ನುಡಿಯಲ್ಲಿ, ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ ಎಂದವರೇ, ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿದ ಅಟ್ಲಾಸೊಂದರಲ್ಲಿ ಅದರ ಜಾಗ ಗುರುತಿಸಿದ್ದಾರೆಂದು ಕಂಸದೊಳಗೆ ನಕ್ಕರು. ಜೇಮ್ಸ್ ಫೆನೆಲ್ಲಿ ಎಂಬ ಅಮೆರಿಕದ ವಿದ್ವಾಂಸರು ಮಾಲ್ಗುಡಿಯ ಬೀದಿಗಳನ್ನೆಲ್ಲ ಕಲೆಹಾಕಿ, ಅದು ಹಿಂದೂ ವಿಶ್ವವ್ಯವಸ್ಥೆಯ ಪ್ರತಿರೂಪ ಎಂದು ಪ್ರಬಂಧ ಬರೆದರು. ಅವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಅಷ್ಟೊಂದು ವ್ಯವಸ್ಥೆ ಇರುವ ಊರನ್ನು ನಾನು ನನ್ನ ಸೇವಾವಧಿಯಲ್ಲಿ ಒಂದನ್ನೂ ಅಳೆದಿಲ್ಲ.

ಊರುಗಳು ಹೇಗೆ ಬೆಳೆಯುತ್ತವೆಂಬುದು ನನಗೆ ಗೊತ್ತು. ಮೊದಲು ಒಂದು ಬಾವಿ, ಅದರ ಪಕ್ಕ ನಾಲ್ಕು ಮನೆ, ಆಮೇಲೆ ಯಾರೋ ದಾರಿಯನ್ನು ಒತ್ತುವರಿ ಮಾಡುತ್ತಾನೆ, ಆಮೇಲೆ ಬಡಾವಣೆ. ಮಾಲ್ಗುಡಿಯೂ ಹೀಗೆಯೇ ಬೆಳೆಯಿತು, ಪುಸ್ತಕದಿಂದ ಪುಸ್ತಕಕ್ಕೆ, 1935ರಿಂದ ಐವತ್ತು ವರ್ಷಗಳಿಗೂ ಮೇಲೆ. ಹಾಗಾಗಿ ನಾನು ಎಲ್ಲ ಪುಸ್ತಕಗಳ ಬೀದಿಗಳನ್ನು ಒಂದೇ ಹಾಳೆಗೆ ಸುರಿಯಲಿಲ್ಲ. ಪುಸ್ತಕಕ್ಕೊಂದು ಟ್ರೇಸಿಂಗ್ ಕಾಗದ ಇಟ್ಟುಕೊಂಡೆ. ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಯಾವ ಗೆರೆ ಹೊಸದು, ಯಾವುದು ಅಳಿಸಿತು ಎಂದು ಕಾಣುತ್ತದೆ.

ಮೊದಲ ಕಾಗದದ ಕೆಲಸವನ್ನೇ ಸ್ವಲ್ಪ ಬಿಡಿಸಿ ತೋರಿಸುತ್ತೇನೆ. ಪುಸ್ತಕ ಸ್ವಾಮಿ ಮತ್ತು ಅವನ ಗೆಳೆಯರ ಕಥೆ. ಅದರಲ್ಲಿ ಸರಯೂ ನದಿಯ ಪರಿಚಯ ಬರುತ್ತದೆ. ಊರಿನ ಕೊನೆಯ ಬೀದಿ ಎಲ್ಲಮ್ಮನ ಬೀದಿ, ಅಲ್ಲಿಂದ ಹತ್ತು ನಿಮಿಷದ ನಡಿಗೆಯಲ್ಲಿ ಉತ್ತರಕ್ಕೆ ನದಿ, ಸಂಜೆ ಕೂರಲು ಒಳ್ಳೆಯ ಮರಳು. ಒಂದು ದಿಕ್ಕು, ಒಂದು ದೂರ, ಒಂದು ಗಡಿ! ಇಂಥ ವಾಕ್ಯ ಸಿಕ್ಕರೆ ಸರ್ವೆಯವನಿಗೆ ಬಾಂದುಕಲ್ಲು ಸಿಕ್ಕ ಹಾಗೆ. ಹತ್ತು ನಿಮಿಷದ ನಡಿಗೆಯೆಂದರೆ ಸುಮಾರು ಅರ್ಧ ಮೈಲಿ. ಊರಿನ ಉತ್ತರದ ಚಕ್ಕುಬಂದಿ ಖಾಯಂ ಆಯಿತು.

ಇನ್ನೊಂದು ಕಡೆ ಅದೇ ಪುಸ್ತಕ ಒಂದು ತಾರೀಕು ಕೊಡುತ್ತದೆ. 1930ರ ಆಗಸ್ಟ್ 15ರಂದು ಮಾಲ್ಗುಡಿಯ ಸುಮಾರು ಎರಡು ಸಾವಿರ ಜನ ಒಬ್ಬ ರಾಜಕೀಯ ಕಾರ್ಯಕರ್ತನ ಬಂಧನವನ್ನು ವಿರೋಧಿಸಲು ಸರಯೂವಿನ ಬಲದಂಡೆಯ ಮೇಲೆ ಸೇರುತ್ತಾರೆ. ಓದುವಾಗ ನಾವು ಸಭೆಯನ್ನು, ಬೆಂಕಿಗೆ ಬೀಳುವ ವಿದೇಶಿ ಬಟ್ಟೆಯನ್ನು, ಟೊಪ್ಪಿಗೆಯನ್ನು ನೋಡುತ್ತೇವೆ. ನಾನು ‘ಬಲದಂಡೆ’ ಎಂಬ ಪದದ ಮೇಲೆ ಸೀಸದಕಡ್ಡಿ ಊರಿ ನಿಂತೆ. ನದಿಯ ಬಲದಂಡೆ ಎಂದರೆ ನೀರು ಹರಿಯುವ ಕಡೆಗೆ ಮುಖ ಮಾಡಿ ನಿಂತಾಗ ಬಲಗೈಗೆ ಬರುವ ದಂಡೆ. ನದಿ ಊರಿನ ಉತ್ತರಕ್ಕಿದೆ. ಊರವರು ಸೇರಿದ್ದು ಊರ ಕಡೆಯ ದಂಡೆಯಲ್ಲಿ ಎಂದು ಇಟ್ಟುಕೊಂಡರೆ, ಆ ದಂಡೆ ನದಿಗೆ ದಕ್ಷಿಣ. ದಕ್ಷಿಣ ಬಲಗೈಗೆ ಬರಬೇಕಾದರೆ ಮುಖ ಪೂರ್ವಕ್ಕಿರಬೇಕು. ಅಂದರೆ ಸರಯೂ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ, ಬಂಗಾಳ ಕೊಲ್ಲಿಯ ಕಡೆಗೆ, ನಮ್ಮ ಕಾವೇರಿಯಂತೆ.

ಇದನ್ನು ಕಂಡುಕೊಂಡ ರಾತ್ರಿ ನಾನು ಎದ್ದು ನೀರು ಕುಡಿದು ಬಂದು ಮತ್ತೆ ಲೆಕ್ಕ ಹಾಕಿದೆ. ಜನ ನದಿ ದಾಟಿ ಆಚೆ ದಂಡೆಯಲ್ಲಿ ಸೇರಿದ್ದರೆ ಲೆಕ್ಕ ತಿರುವುಮುರುವು, ಅದನ್ನು ಒಪ್ಪುತ್ತೇನೆ. ಆದರೆ ಎರಡು ಸಾವಿರ ಜನರನ್ನು ಭಾಷಣ ಕೇಳಿಸಲು ನದಿ ದಾಟಿಸುವ ಸಂಘಟಕ ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ.

ಇದರಿಂದ ಆಗುಂಬೆಯವರಿಗೆ ಸ್ವಲ್ಪ ನೋವಾಗಬಹುದು. ಆಗುಂಬೆಯ ಜಾರುಬೆಟ್ಟದ ಕಡೆಯ ನೀರು ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಅದು ಮಳೆಯ ಊರು. ನಾರಾಯಣರ ಮಾಲ್ಗುಡಿ ಬಿಸಿಲಿನ ಊರು, ಸೆಖೆಯ ದಿನ ಮುಗಿಸಿ ಜನ ನದಿಯ ಮರಳಿಗೆ ಗಾಳಿ ಅರಸಿ ಹೋಗುತ್ತಾರೆ. 1937ರ ಕಾದಂಬರಿಯ ಚಂದ್ರನ್ ತನ್ನ ಹುಡುಗಿಯನ್ನು ನೋಡುವುದೂ ಆ ಮರಳಿನ ಮೇಲೆಯೇ. ಆಗುಂಬೆಯಲ್ಲಿ ಜೂನ್ ಕಳೆದ ಮೇಲೆ ನದಿದಂಡೆಯಲ್ಲಿ ಪ್ರೇಮಿಸಲು ಹೋದರೆ ಜಿಗಣೆ ಕಚ್ಚುತ್ತದೆ. ಶಂಕರ್ ನಾಗ್ ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಅವರು ಬೇರೊಂದು ಮಾಲ್ಗುಡಿ ಕಟ್ಟಿದರು. ಅದರ ಇಸವಿ 1986, ಅದಕ್ಕೆ ಬೇರೆಯೇ ಕಾಗದ ಬೇಕು. ಅದೂ ನನ್ನ ಕಟ್ಟಿನಲ್ಲಿದೆ.

ಮೊದಲ ಕಾಗದದಲ್ಲಿ ನಾನು ಸೋತ ಜಾಗವೂ ಒಂದಿದೆ. ಶಾಲೆಯಿಂದ ಹೆದರಿ ಓಡಿಹೋದ ಸ್ವಾಮಿ ಊರ ಹೊರಗೆ ಅಲೆದು, ಕತ್ತಲಾದಾಗ ಮನೆಗೆ ಹಿಂತಿರುಗುತ್ತಿದ್ದೇನೆಂದು ನಂಬಿ ಮೆಂಪಿ ಕಾಡಿನ ರಸ್ತೆ ಹಿಡಿಯುತ್ತಾನೆ. ದಾರಿಯ ಮೇಲೆ ಬಿದ್ದಿದ್ದವನು ಗಾಡಿಯ ರಂಗನಿಗೆ ಸಿಗುತ್ತಾನೆ, ಅರಣ್ಯಾಧಿಕಾರಿಯ ಬಳಿ ಸೇರುತ್ತಾನೆ, ದಿನದ ಲೆಕ್ಕ ತಪ್ಪಿ ಕ್ರಿಕೆಟ್ ಪಂದ್ಯವನ್ನೂ ಕಳೆದುಕೊಳ್ಳುತ್ತಾನೆ. ಆ ರಾತ್ರಿ ಅವನು ಎಷ್ಟು ದೂರ ನಡೆದ? ಗಂಟೆಗೆ ಮೂರು ಮೈಲಿಯಂತೆ ಹಾಕಿದರೆ ಒಂದು ಉತ್ತರ ಬರುತ್ತದೆ. ಆದರೆ ಎಲೆ ಅಲುಗಿದರೆ ನಿಲ್ಲುವ, ಇಲ್ಲದ ಕಾಡುಪ್ರಾಣಿಯಿಂದ ಓಡುವ, ಸುತ್ತಿ ಸುತ್ತಿ ಅಲ್ಲಿಗೇ ಬರುವ ಹುಡುಗನ ಹೆಜ್ಜೆಗೆ ಯಾವ ಚೈನು? ಹತ್ತು ವರ್ಷದವನಿದ್ದಾಗ ನಮ್ಮ ಊರ ಸ್ಮಶಾನದ ಪಕ್ಕದ ಹಾದಿ ನನಗೆ ಒಂದು ಹರದಾರಿ ಅನ್ನಿಸಿತ್ತು. ಇಲಾಖೆ ಸೇರಿದ ಮೇಲೆ ಅಳೆದೆ. ಹನ್ನೊಂದು ಚೈನು. ಮೆಂಪಿ ರಸ್ತೆಯನ್ನು ನನ್ನ ನಕ್ಷೆಯಲ್ಲಿ ಚುಕ್ಕಿಗೆರೆಯಾಗಿಯೇ ಬಿಟ್ಟಿದ್ದೇನೆ.

ಈಗ ಇಸವಿಯ ವಿಚಾರ ಗಟ್ಟಿಯಾಗುವ ಜಾಗ. ಸ್ವಾಮಿಯ ಕಥೆ ಮುಗಿಯುವುದು ಮಾಲ್ಗುಡಿ ರೈಲು ನಿಲ್ದಾಣದಲ್ಲಿ, ಗೆಳೆಯ ರಾಜಂ ಊರು ಬಿಟ್ಟು ಹೋಗುವಾಗ. ಅದು 1935ರ ಪುಸ್ತಕ. 1958ರಲ್ಲಿ ಬಂದ ಗೈಡ್ ರಾಜುವಿನ ಕಥೆಯಲ್ಲಿ ಆ ನಿಲ್ದಾಣವೇ ಇನ್ನೂ ಹುಟ್ಟಿಲ್ಲ. ಪುಟ್ಟ ರಾಜು ಅಪ್ಪನ ಅಂಗಡಿಯ ಎದುರಿನ ಹುಣಸೆಮರದಡಿ ಆಡುತ್ತಿದ್ದಾನೆ. ಒಂದು ದಿನ ಲಾರಿಗಳು ಬಂದು ಮಣ್ಣು ಸುರಿಯುತ್ತವೆ, ಕೂಲಿಯಾಳುಗಳು ಬರುತ್ತಾರೆ, ಹಳಿ ಬರುತ್ತದೆ. ಮಣ್ಣಿನ ರಾಶಿಯ ಸುತ್ತ ಆಡಿಕೊಂಡಿದ್ದ ಹುಡುಗನ ಬದುಕನ್ನೇ ಆ ಹಳಿ ತನ್ನ ಕಡೆ ತಿರುಗಿಸಿಕೊಳ್ಳುತ್ತದೆ.

ಕಥೆಯೊಳಗಿನ ಕಾಲದಲ್ಲಿ ಇದರಲ್ಲಿ ವಿರೋಧವಿಲ್ಲ. 1950ರ ದಶಕದಲ್ಲಿ ನಡುವಯಸ್ಸಿನವನಾದ ರಾಜು ಸ್ವಾಮಿಗಿಂತ ಮೊದಲೇ ಮಗುವಾಗಿದ್ದಾನು, ಹಳಿ 1930ಕ್ಕೆ ಮುಂಚೆ ಬಿದ್ದೀತು. ಆದರೆ ಬರವಣಿಗೆಯ ಕಾಲದಲ್ಲಿ ನಿಲ್ದಾಣ ಮೊದಲು, ಅದನ್ನು ಕಟ್ಟಿದ ಸಂಗತಿ ಇಪ್ಪತ್ತಮೂರು ವರ್ಷ ಆಮೇಲೆ. ನಮ್ಮ ದೇವಸ್ಥಾನಗಳ ಸ್ಥಳಪುರಾಣ ಹುಟ್ಟುವುದೂ ಹೀಗೆ ಅಲ್ಲವೇ? ಲಿಂಗ ಮೊದಲೇ ಇರುತ್ತದೆ, ಅದು ಅಲ್ಲಿಗೆ ಏಕೆ ಬಂತು ಎಂಬ ಕಥೆ ಶತಮಾನ ಕಳೆದ ಮೇಲೆ ಬರುತ್ತದೆ. ಮಾಲ್ಗುಡಿಗೂ ಒಂದು ಸ್ಥಳಪುರಾಣವಿದೆ. 1949ರ ಕಾದಂಬರಿಯಲ್ಲಿ, ಪತ್ರಿಕೆ ನಡೆಸುವ ಶ್ರೀನಿವಾಸನಿಗೆ ಊರಿನ ಇಡೀ ಚರಿತ್ರೆ ಕಣ್ಣ ಮುಂದೆ ಹಾದುಹೋಗುತ್ತದೆ. ಲಂಕೆಗೆ ಹೊರಟ ರಾಮ ಇಲ್ಲಿ ತಂಗಿದ್ದ, ನೀರಿಲ್ಲದಿದ್ದಾಗ ಬಾಣದಿಂದ ಮರಳಿನ ಮೇಲೆ ಗೆರೆ ಎಳೆದ, ಅದೇ ಸರಯೂ ಆಯಿತು. ಆಮೇಲೆ ಬುದ್ಧ ಬಂದ, ಶಂಕರರು ಬಂದರು. ನದಿಯ ಮೊದಲ ನಕ್ಷೆಯನ್ನು ಬಾಣದ ತುದಿಯಲ್ಲಿ ಬರೆದ ರಾಮನೇ ಆ ಊರಿನ ಮೊದಲ ಸರ್ವೆಯವನು ಎಂದು ನಮ್ಮ ಇಲಾಖೆಯ ಪರವಾಗಿ ದಾಖಲಿಸುತ್ತೇನೆ.

ಪುರಾಣ ಬಿಟ್ಟು ಚರಿತ್ರೆಗೆ ಬಂದರೆ, ಕಲ್ಪಿತ ಊರಿನ ಇತಿಹಾಸ ಬರೆಯುವವರೆಲ್ಲ ಓದಬೇಕಾದ ಕಥೆ ಒಂದಿದೆ. ಲಾಲಿ ರಸ್ತೆಯ ಕಥೆ. (ಕನ್ನಡದಲ್ಲಿ ಹಾಗೆ ಬರೆದಾಗ ಜೋಗುಳ ಕೇಳಿಸುತ್ತದೆ. ಇದು ಸರ್ ಫ್ರೆಡರಿಕ್ ಲಾಲಿ ಎಂಬ ದೊರೆಯ ಹೆಸರು.) 1947ರ ಆಗಸ್ಟ್ 15. ಸ್ವಾಮಿ ಟೊಪ್ಪಿಗೆ ಸುಟ್ಟ ಆಗಸ್ಟ್ 15ಕ್ಕೆ ಸರಿಯಾಗಿ ಹದಿನೇಳು ವರ್ಷ. ಪಂಚಾಂಗ ತೆಗೆದು ನೋಡಿದೆ, ಎರಡೂ ಶುಕ್ರವಾರ. ಮಾಲ್ಗುಡಿಯ ಪುರಸಭೆಗೆ ದೇಶಪ್ರೇಮ ಉಕ್ಕಿ, ಊರಿನ ಬೀದಿ ಉದ್ಯಾನಗಳ ಹೆಸರನ್ನೆಲ್ಲ ಬದಲಾಯಿಸಲು ಹೊರಡುತ್ತದೆ. ಪಟ್ಟಾಭಿಷೇಕದ ನೆನಪಿನ ಪಾರ್ಕು ಹಮಾರಾ ಹಿಂದೂಸ್ತಾನ್ ಪಾರ್ಕ್ ಆಗುತ್ತದೆ. ಒಬ್ಬನೇ ನಾಯಕನ ಹೆಸರು ಹಲವು ರಸ್ತೆಗಳಿಗೆ ಬೀಳುತ್ತದೆ. ಕಾಗದಗಳು ಎಲ್ಲೆಲ್ಲಿಗೋ ಹೋಗಿ ಸೇರುತ್ತವೆ. ತಮ್ಮ ಮನೆ ಎಲ್ಲಿದೆ ಎಂದು ಹೇಳಲು ಜನರಿಗೇ ಬರುವುದಿಲ್ಲ. ಗುರುತುಗಳನ್ನೆಲ್ಲ ಕಳೆದುಕೊಂಡ ಊರು ಕಾಡಾಗುತ್ತದೆ.

ಇಷ್ಟು ಸಾಲದೆಂದು ಲಾಲಿಯ ಪ್ರತಿಮೆಯ ಮೇಲೆ ಕಣ್ಣು ಬೀಳುತ್ತದೆ. ಅವನು ಭಾರತೀಯರನ್ನು ತುಳಿದ ಕ್ರೂರಿ ಎಂದು ಊರು ತೀರ್ಮಾನಿಸುತ್ತದೆ. ಜಗ್ಗದ ಪ್ರತಿಮೆಯನ್ನು ಸಿಡಿಮದ್ದು ಇಟ್ಟು ಕೆಳಗಿಳಿಸಿ ಸಾಗಿಸಿಕೊಂಡು ಹೋಗುವವನು ನಮ್ಮ ಕಥೆ ಹೇಳುವ ಬಾಯಿಬಡುಕ ಪತ್ರಕರ್ತ. ಅವನ ಕಬೀರ್ ಓಣಿಯ ಮನೆಯಲ್ಲಿ ಅದು ಮಲಗಿದ ಚಿತ್ರ ನೋಡಿ. ತಲೆ, ಭುಜ ಮುಂದಿನ ಕೋಣೆಯಲ್ಲಿ, ಉಳಿದ ದೇಹ ಬಾಗಿಲು ದಾಟಿ ಬೀದಿಯಲ್ಲಿ. ನಾನು ಒತ್ತುವರಿ ಪ್ರಕರಣಗಳನ್ನು ಬಹಳ ನೋಡಿದ್ದೇನೆ, ದೊರೆಯೊಬ್ಬನ ಕಾಲು ರಸ್ತೆಯನ್ನು ಒತ್ತುವರಿ ಮಾಡಿದ್ದನ್ನು ಬೇರೆಲ್ಲೂ ನೋಡಿಲ್ಲ.

ಆಮೇಲೆ ಇತಿಹಾಸ ತಿಳಿದವರ ಪತ್ರಗಳು ಬರತೊಡಗುತ್ತವೆ. ಲಾಲಿಗಳು ಇಬ್ಬರು! ವಾರನ್ ಹೇಸ್ಟಿಂಗ್ಸ್ ಕಾಲದ ಕ್ರೂರಿ ಬೇರೆ. ಪ್ರತಿಮೆಯ ಫ್ರೆಡರಿಕ್ ಲಾಲಿ ಮಾಲ್ಗುಡಿಯನ್ನು ಕಟ್ಟಿದವನು, ಸರಯೂ ಉಕ್ಕಿದಾಗ ಹಳ್ಳಿಗರನ್ನು ಉಳಿಸಲು ಹೋಗಿ ಸತ್ತವನು. ಈಗ ಊರು ಪುರಸಭೆಯ ಮೇಲೆ ತಿರುಗಿಬೀಳುತ್ತದೆ. ಪ್ರತಿಮೆಯನ್ನು ಮತ್ತೆ ಎತ್ತುವ ಶಕ್ತಿ ಯಾರಿಗೂ ಇಲ್ಲ. ಚುನಾವಣೆ ಹತ್ತಿರದಲ್ಲಿದೆ. ಅಧ್ಯಕ್ಷರು ಆ ಮನೆಯನ್ನೇ ಕೊಂಡುಬಿಡುತ್ತಾರೆ, ಕಬೀರ್ ಓಣಿ ಲಾಲಿ ರಸ್ತೆಯಾಗುತ್ತದೆ. ಪ್ರತಿಮೆ ಇದ್ದಲ್ಲಿಗೆ ಊರಿನ ಹೆಸರೇ ನಡೆದು ಬರುತ್ತದೆ.

ನಾರಾಯಣರ ಹಾಸ್ಯವನ್ನು ತಿಳಿನೀರಿಗೆ ಹೋಲಿಸುವವರಿದ್ದಾರೆ. ಈ ಕಥೆಯಲ್ಲಿ ಆ ತಿಳಿನೀರಿನ ತಳದಲ್ಲಿ ಚೂಪುಗಲ್ಲುಗಳಿವೆ. ಊರಿನ ಸ್ಥಾಪಕ ಯಾರೆಂಬ ಸತ್ಯ ಅವನ ಪ್ರತಿಮೆ ಕಿತ್ತ ಮೇಲಷ್ಟೇ ಊರವರಿಗೆ ಗೊತ್ತಾಗುತ್ತದೆ. ಓದುಗನಿಗೂ ಅಷ್ಟೆ. ಲಾಲಿ ಬಡಾವಣೆಯಲ್ಲಿ ಚಂದ್ರನ್ ವಾಸವಾಗಿದ್ದುದು 1937ರಲ್ಲೇ ನಮಗೆ ಗೊತ್ತಿತ್ತು, ಆ ಹೆಸರು ಯಾರದೆಂದು ಕೇಳುವ ಗೋಜಿಗೆ ನಾವು ಹೋಗಿರಲಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ನಾವು ಬದುಕುವುದೂ ಹಾಗೆಯೇ. ನಕ್ಷೆಯಲ್ಲಿ ಹೆಸರು ಮೊದಲು ಬರುತ್ತದೆ, ಮನುಷ್ಯ ಆಮೇಲೆ ಬರುತ್ತಾನೆ, ಕೆಲವೊಮ್ಮೆ ತಪ್ಪು ಮನುಷ್ಯ ಬರುತ್ತಾನೆ.

ರೈತರಿಗೆ ಸಾಲದ ದಾರಿ ತೋರಿಸುವ ಮಾರ್ಗಯ್ಯ ಎಂಬ ಪಾತ್ರ ಕೂರುವ ಆಲದಮರ ಭೂ ಅಡಮಾನ ಬ್ಯಾಂಕಿನ ಎದುರಿಗಿದೆ, ಅದನ್ನು 1952ರ ಕಾಗದದಲ್ಲಿ ಗುರುತಿಸಿದ್ದೇನೆ. 1955ರ ಕಾಗದದಲ್ಲಿ ಗಾಂಧೀಜಿ ಮಾಲ್ಗುಡಿಗೆ ಬಂದು ಅಧ್ಯಕ್ಷರ ಭವ್ಯ ಬಂಗಲೆಯನ್ನು ಬಿಟ್ಟು ಜಾಡಮಾಲಿಗಳ ಕೇರಿಯಲ್ಲಿ ತಂಗುತ್ತಾರೆ. ಇಪ್ಪತ್ತು ವರ್ಷ ನಾರಾಯಣರ ನಕ್ಷೆಯಲ್ಲಿ ಕಾಣಿಸದಿದ್ದ ಕೇರಿ ಅಂದು ಕಾಣಿಸಿತು. ಗ್ರಾಮನಕ್ಷೆಗಳಲ್ಲಿ ಖರಾಬು ಎಂದು ಬರೆದು ಬಿಟ್ಟ ತುಂಡುಗಳಲ್ಲಿ ಹೊಗೆ ಏಳುವುದನ್ನು, ಅಂದರೆ ಜನ ಅಡುಗೆ ಮಾಡುವುದನ್ನು, ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಈ ಪುಟದಲ್ಲಿ ನಾನು ಬಹಳ ಹೊತ್ತು ನಿಂತೆ.

ಕನ್ನಡದಲ್ಲಿ ಇಂಥ ಊರುಗಳಿಲ್ಲವೇ ಎಂದು ನೀವು ಕೇಳುತ್ತೀರಿ. ಇವೆ, ಆದರೆ ನಮ್ಮವರು ಬಹುಮಟ್ಟಿಗೆ ಇರುವ ಊರನ್ನೇ ಕಥೆಗೆ ಎತ್ತಿಕೊಂಡರು. ಯಶವಂತ ಚಿತ್ತಾಲರ ಹನೇಹಳ್ಳಿ ಉತ್ತರ ಕನ್ನಡದಲ್ಲಿ ನಿಜಕ್ಕೂ ಇದೆ, ಅದಕ್ಕೆ ಸರ್ವೆ ನಂಬರುಗಳಿವೆ. ಚಿತ್ತಾಲರು ಮುಂಬಯಿಯಲ್ಲಿ ಕೂತು ಅದನ್ನು ಮತ್ತೆ ಮತ್ತೆ ಬರೆದರು. ಅಲ್ಲಿ ನಕ್ಷೆಯವನ ಕೆಲಸ ಬೇರೆ, ಇಲಾಖೆಯ ಹನೇಹಳ್ಳಿಯ ಮೇಲೆ ಚಿತ್ತಾಲರ ಹನೇಹಳ್ಳಿಯನ್ನು ಇಟ್ಟು, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಲ್ಲಬೇಕು. ಅದು ಇನ್ನೊಂದು ಸಂಜೆಯ ಮಾತು.

ಮಾತು ಮುಗಿಸಿ ಕೂತಾಗ ಹಿಂದಿನ ಸಾಲಿನಿಂದ ಕಾಲೇಜಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಅಷ್ಟು ಕಾಗದಗಳಲ್ಲಿ ಒಂದನ್ನು ಮಾತ್ರ ಗೋಡೆಗೆ ಹಾಕಬೇಕೆಂದರೆ ಯಾವುದನ್ನು ಹಾಕುತ್ತೀರಿ?”

ನಾನು ಚೀಲದಿಂದ ಒಂದು ಹಾಳೆ ತೆಗೆದು ತೋರಿಸಿದೆ. ಅದನ್ನು ತೋರಿಸುವ ಉದ್ದೇಶ ಇರಲಿಲ್ಲ, ತೀರಾ ಖಾಲಿ ಹಾಳೆ ಎಂದು ನಾಚಿಕೆಯಿತ್ತು. ನಾರಾಯಣ್ ತಮ್ಮ ಆತ್ಮಕಥನದಲ್ಲಿ ಒಂದು ದಿನವನ್ನು ನೆನೆಯುತ್ತಾರೆ. ಬೆಂಗಳೂರು, ಅಜ್ಜಿ ನೋಡಿಕೊಟ್ಟ ಶುಭದಿನ, ಹೊಸದಾಗಿ ಕೊಂಡ ನೋಟುಪುಸ್ತಕ. ಏನು ಬರೆಯಬೇಕೆಂದು ತೋಚದೆ ಲೇಖನಿ ಕಚ್ಚುತ್ತ ಕೂತವರ ಕಣ್ಣ ಮುಂದೆ ಮಾಲ್ಗುಡಿ ತನ್ನ ಪುಟ್ಟ ರೈಲು ನಿಲ್ದಾಣದೊಡನೆ ತೇಲಿ ಬಂತು. ಪ್ಲಾಟ್‌ಫಾರ್ಮಿನ ಮೇಲೆ ಒ‌ಬ್ಬ ಹುಡುಗ ಓಡುತ್ತಿದ್ದ, ರೈಲಿನಲ್ಲಿ ಕೂತವರ ಮುಖಗಳನ್ನು ಇಣುಕಿ ನೋಡುತ್ತಿದ್ದ, ಒಬ್ಬ ಗಡ್ಡದವನನ್ನು ಅಣಕಿಸುತ್ತಿದ್ದ.

ನನ್ನ ಹಾಳೆಯಲ್ಲಿ ಎರಡು ಸಮಾನಾಂತರ ಗೆರೆ, ಪಕ್ಕದಲ್ಲಿ ಉದ್ದನೆಯ ಒಂದು ಚೌಕ. ನದಿ ಇಲ್ಲ, ಬೀದಿ ಇಲ್ಲ, ಲಾಲಿ ಇಲ್ಲ, ಉತ್ತರದ ಬಾಣವೂ ಇಲ್ಲ. ಚೌಕದೊಳಗೆ ಓಡುತ್ತಿರುವ ಒಂದು ಚುಕ್ಕಿ. ಬಲಗಡೆ ಕೆಳಮೂಲೆಯಲ್ಲಿ 1930 ಎಂದು ಬರೆದಿದ್ದೇನೆ.